ಗುಮ್ಮಟವಿಲ್ಲದ ಪಳ್ಳಿ

ಪಶ್ಚಿಮಘಟ್ಟದಿಂದ ಸುಬ್ರಹ್ಮಣ್ಯಕ್ಕೆ ಇಳಿದು ಕಡಬ ಸೀಮೆಯನ್ನು ಹಾದು ಬರುವ ಕುಮಾರಧಾರಾ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡಿ ಮಂಗಳೂರಿನಲ್ಲಿ ಕಡಲು ಸೇರುತ್ತದೆ. ಸುಳ್ಯದ ಬದಿಯಲ್ಲಿ ಹರಿಯುವ ಪಯಸ್ವಿನಿ ಗಡಿ ದಾಟಿದ ಮೇಲೆ ಚಂದ್ರಗಿರಿ ಎನ್ನಿಸಿಕೊಂಡು ಕಾಸರಗೋಡಿನ ತಳಂಗರೆಯ ಬಳಿ ಸಮುದ್ರಕ್ಕೆ ಬೀಳುತ್ತದೆ. ಈ ಎರಡು ಅಳಿವೆಗಳ ಹತ್ತಿರವೇ ನಮ್ಮ ಕರಾವಳಿಯ ಎರಡು ಅತಿ ಹಳೆಯ ಪಳ್ಳಿಗಳಿವೆ. ಒಂದು ಮಂಗಳೂರು ಬಂದರಿನ ಝೀನತ್ ಬಕ್ಷ್ ಜುಮಾ ಮಸೀದಿ. ಕರಾವಳಿಯ ಬ್ಯಾರಿ ಮುಸ್ಲಿಮರ ಬಾಯಲ್ಲಿ ಅದು ಬೆಲಿಯ ಪಳ್ಳಿ. ಇನ್ನೊಂದು ತಳಂಗರೆಯ ಮಾಲಿಕ್ ದೀನಾರ್ ಜುಮಾ ಮಸೀದಿ. ಪುತ್ತೂರು, ಸುಳ್ಯ, ಕಡಬದ ಮಳೆನೀರು ಕೊನೆಗೆ ಇವುಗಳ ಪಕ್ಕದಿಂದಲೇ ಕಡಲಿಗೆ ಹೋಗುತ್ತದೆ. ಈ ಪಳ್ಳಿಗಳ ರೂಪವನ್ನು ತೀರ್ಮಾನಿಸಿದ್ದೂ ಅದೇ ಮಳೆ ಎಂಬುದು ಈ ಅಧ್ಯಾಯದ ವಾದ.

ಮಸೀದಿ ಎಂದರೆ ಶಾಲೆಯ ಮಕ್ಕಳು ಇಂದು ಬಿಡಿಸುವ ಚಿತ್ರ ಒಂದೇ: ನಡುವೆ ದೊಡ್ಡ ಗುಮ್ಮಟ, ಅಕ್ಕಪಕ್ಕ ಚೂಪಾದ ಮಿನಾರುಗಳು. ಈ ಚಿತ್ರದ ಬಹುಪಾಲು ಇಸ್ತಾಂಬುಲಿನದು. ಒಟ್ಟೋಮನ್ ಸುಲ್ತಾನರ ಮುಖ್ಯ ವಾಸ್ತುಶಿಲ್ಪಿ ಸಿನಾನ್ 16ನೇ ಶತಮಾನದಲ್ಲಿ ಕಟ್ಟಿದ ಅಲ್ಲಿನ ಸುಲೇಮಾನಿಯೆ, ಎದಿರ್ನೆಯ ಸೆಲಿಮಿಯೆ ಮಸೀದಿಗಳು ಕ್ಯಾಲೆಂಡರು, ಪೋಸ್ಟರು, ಟಿವಿಗಳ ಮೂಲಕ ಇಡೀ ಜಗತ್ತಿನ ಕಣ್ಣಿನಲ್ಲಿ ಕೂತುಬಿಟ್ಟಿವೆ. ಆದರೆ ಒಟ್ಟೋಮನ್ ಊರುಗಳಲ್ಲೇ ಎಲ್ಲ ಮಸೀದಿಗಳೂ ಹೀಗಿರಲಿಲ್ಲ. ಗುಮ್ಮಟಗಳ ಸಾಲನ್ನೇ ಎಬ್ಬಿಸುವ ಶಕ್ತಿಯಿದ್ದದ್ದು ಸುಲ್ತಾನರಿಗೆ, ವಜೀರರಿಗೆ. ಕೇರಿಯ ಜನ ದಿನಕ್ಕೆ ಐದು ಹೊತ್ತು ಹೋಗುತ್ತಿದ್ದ ಸಣ್ಣ ಮಸೀದಿಗಳಲ್ಲಿ ಅನೇಕವು ಕಲ್ಲು-ಇಟ್ಟಿಗೆಯ ಚೌಕ ಗೋಡೆ, ಮರದ ಮುಚ್ಚಿಗೆ, ಮೇಲೆ ಹಂಚಿನ ಇಳಿಜಾರು ಮಾಡು ಇದ್ದ ಸರಳ ಕಟ್ಟಡಗಳು. ಇಷ್ಟು ಕೇಳಿದರೆ ನಮ್ಮ ಕಡೆಯವರಿಗೆ ಪರಿಚಯದ ವಸ್ತುವೇ ಅನ್ನಿಸೀತು. ಇನ್ನೂ ಹಿಂದಕ್ಕೆ ಹೋದರೆ, ಮದೀನಾದಲ್ಲಿ ಪ್ರವಾದಿಯವರ ಮೊದಲ ಮಸೀದಿಯ ಕಂಬಗಳು ಖರ್ಜೂರದ ಮರದ ಕಾಂಡಗಳು, ಮಾಡು ಖರ್ಜೂರದ ಗರಿ. ನಮಾಜಿಗೆ ಬೇಕಾದದ್ದು ಶುದ್ಧವಾದ ನೆಲ, ಒಂದು ದಿಕ್ಕು, ಕೈಕಾಲು ತೊಳೆಯಲು ನೀರು. ತಲೆಯ ಮೇಲೆ ಏನಿರಬೇಕು ಎಂಬುದನ್ನು ಆಯಾ ನಾಡಿನ ಹವೆಗೂ ಬಡಗಿಗೂ ಬಿಡಲಾಗಿತ್ತು.

ನಮ್ಮ ಹವೆ ಎಂಥದ್ದು? ಇಸ್ತಾಂಬುಲಿನಲ್ಲಿ ವರ್ಷಕ್ಕೆ ಬೀಳುವ ಮಳೆ 800 ಮಿಲಿಮೀಟರಿನ ಆಸುಪಾಸು, ಅದೂ ವರ್ಷವಿಡೀ ಹಂಚಿಕೊಂಡು. ಪುತ್ತೂರು-ಸುಳ್ಯದ ಕಡೆ 4,000 ಮಿಲಿಮೀಟರಿನ ಆಚೀಚೆ, ಅದರ ಹೆಚ್ಚುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಸರಿಯಾಗಿ ಒಂದು ಲೀಟರ್ ನೀರು. ಇನ್ನೂರು ಚದರ ಮೀಟರ್ ನೆಲವನ್ನು ಮುಚ್ಚಿದ ಸಾಧಾರಣ ಪಳ್ಳಿಯ ಮಾಡು ಒಂದು ವರ್ಷದಲ್ಲಿ ಎಂಟು ಲಕ್ಷ ಲೀಟರ್ ನೀರನ್ನು ಕೆಳಗೆ ಕಳಿಸಬೇಕು. ಆಟಿ ತಿಂಗಳ ಒಂದು ಜೋರು ದಿನ 100 ಮಿಲಿಮೀಟರ್ ಸುರಿದರೆ ಆ ಒಂದೇ ದಿನದ ಲೆಕ್ಕ 20,000 ಲೀಟರ್. ದಪ್ಪ ಹನಿಗಳು ಗಂಟೆಗೆ ಮೂವತ್ತು ಕಿಲೋಮೀಟರಿಗೂ ಹೆಚ್ಚಿನ ವೇಗದಲ್ಲಿ ಬಂದು ಬಡಿಯುತ್ತವೆ. ಗಾಳಿ ಸೇರಿದರೆ ಮಳೆ ಮೇಲಿನಿಂದ ಬರುವುದಿಲ್ಲ, ಬದಿಯಿಂದ ಬರುತ್ತದೆ. ಇಲ್ಲಿ ಕಟ್ಟಡ ಕಟ್ಟುವವನ ಮೊದಲ ಎದುರಾಳಿ ಈ ಎರಚಲು.

ಗುಮ್ಮಟಕ್ಕೆ ಇದನ್ನು ಎದುರಿಸುವ ಉಪಾಯವೇ ಇಲ್ಲ ಎಂದಲ್ಲ. ಒಟ್ಟೋಮನ್ ಗುಮ್ಮಟಗಳ ಮೇಲೆ ಸೀಸದ ತಗಡಿನ ಹೊದಿಕೆ ಇರುತ್ತದೆ, ನೀರು ಜಾರಿ ಹೋಗುತ್ತದೆ. ಅಡ್ಡಿ ಇರುವುದು ಅಂಚಿನಲ್ಲಿ. ಗುಮ್ಮಟಕ್ಕೆ ಸೂರು ಇಲ್ಲ. ಜಾರಿದ ನೀರು ಗೋಡೆಯ ಮೇಲೆಯೇ ಇಳಿಯುತ್ತದೆ. ಟರ್ಕಿಯ ಅನಾತೋಲಿಯಾದ ಗಟ್ಟಿ ಕಲ್ಲಿನ ಗೋಡೆಗೆ ಅದರಿಂದ ದೊಡ್ಡ ತೊಂದರೆಯಿಲ್ಲ. ನಮ್ಮ ಗೋಡೆ ಯಾವ ಕಲ್ಲಿನದು ಎಂಬುದನ್ನು ನೋಡಿದರೆ ಕಷ್ಟ ಗೊತ್ತಾಗುತ್ತದೆ.

ನಮ್ಮದು ಕೆಂಪುಕಲ್ಲು, ಮುರಕಲ್ಲು. ಸ್ಕಾಟ್ಲೆಂಡಿನ ವೈದ್ಯ ಫ್ರಾನ್ಸಿಸ್ ಬುಕಾನನ್ ಟಿಪ್ಪುವಿನ ಪತನದ ನಂತರ ಮೈಸೂರು, ಕೆನರಾ, ಮಲಬಾರುಗಳನ್ನು ಸುತ್ತಿ 1807ರಲ್ಲಿ ಪ್ರಕಟಿಸಿದ ಪ್ರವಾಸ ಕಥನದಲ್ಲಿ ಇದನ್ನು ಲ್ಯಾಟರೈಟ್ ಎಂದು ಕರೆದ. ಇಂದು ಜಗತ್ತಿನ ಭೂವಿಜ್ಞಾನದ ಪುಸ್ತಕಗಳಲ್ಲೆಲ್ಲ ಇರುವ ಹೆಸರು ಹೀಗೆ ನಮ್ಮ ಕರಾವಳಿಯ ಸಾಲಿನಿಂದ ಹೋದದ್ದು. ಈ ಕಲ್ಲನ್ನು ಮಾಡಿದ್ದೂ ಮಳೆಯೇ. ಲಕ್ಷಾಂತರ ವರ್ಷ ಬಿಸಿ ಮಳೆನೀರು ಬಂಡೆಯೊಳಗೆ ಇಳಿದು ಸಿಲಿಕಾ, ಸುಣ್ಣ, ಪೊಟ್ಯಾಶಿಯಂಗಳನ್ನು ತೊಳೆದು ಒಯ್ಯುತ್ತದೆ. ಕರಗದ ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡುಗಳು ಉಳಿಯುತ್ತವೆ. ನೆಲದೊಳಗಿರುವಾಗ ಇದು ಎಷ್ಟು ಮೆದು ಎಂದರೆ ಕೊಡಲಿಯಂಥ ಹತಾರದಲ್ಲೇ ಕಡಿದು ತುಂಡು ಮಾಡಬಹುದು. ಹೊರತೆಗೆದು ಬಿಸಿಲಿಗೆ ಇಟ್ಟರೆ ಒಳಗಿನ ತೇವ ಆರುತ್ತಾ ಕಬ್ಬಿಣದ ಸಂಯುಕ್ತಗಳು ಹರಳುಗಟ್ಟಿ ಕಲ್ಲು ಗಡುಸಾಗುತ್ತದೆ. ಹೀಗೆ ಗಡುಸಾದ ಕಲ್ಲು ಭಾರ ಹೊರುತ್ತದೆ. ಆದರೆ ಅದರ ತುಂಬ ರಂಧ್ರಗಳು. ಒಡೆದು ನೋಡಿದರೆ ಬೆರಳ ತುದಿ ಹೋಗುವಷ್ಟು ದೊಡ್ಡ ತೂತುಗಳಲ್ಲಿ ಹಳದಿ-ಬಿಳಿ ಜೇಡಿ ತುಂಬಿಕೊಂಡಿರುತ್ತದೆ. ಮಳೆ ನೇರವಾಗಿ ಬಡಿದರೆ ಆ ಜೇಡಿ ಕರಗಿ ಹೋಗುತ್ತದೆ, ಕಲ್ಲು ನೀರು ಹೀರಿ ಗೋಡೆಯ ಒಳಮೈಯಲ್ಲಿ ಪಾಚಿ ಏಳುತ್ತದೆ. ಈ ಕಲ್ಲಿನ ಗೋಡೆಗೆ ಆಯುಷ್ಯ ಬೇಕಾದರೆ ಮಳೆ ಅದನ್ನು ಮುಟ್ಟಲೇಬಾರದು.

ಇಲ್ಲಿಂದ ಮುಂದಿನದೆಲ್ಲ ಜ್ಯಾಮಿತಿ. ಮಳೆ 45 ಡಿಗ್ರಿ ಓರೆಯಾಗಿ ಬರುತ್ತಿದೆ ಎಂದುಕೊಳ್ಳಿ. ಗೋಡೆಯಿಂದ ಒಂದು ಮೀಟರ್ ಮುಂದೆ ಚಾಚಿದ ಸೂರು ತನ್ನ ಕೆಳಗಿನ ಒಂದು ಮೀಟರ್ ಗೋಡೆಯನ್ನಷ್ಟೇ ಕಾಯುತ್ತದೆ. ಆರು ಮೀಟರ್ ಎತ್ತರದ ಗೋಡೆಯನ್ನು ಒಂದೇ ಸೂರಿನಿಂದ ಕಾಯಬೇಕೆಂದರೆ ಅದನ್ನು ಆರು ಮೀಟರ್ ಚಾಚಬೇಕು, ಅದು ಆಗದ ಮಾತು. ಹಾಗಾಗಿ ಮಾಡನ್ನು ಒಡೆದು ಅಂತಸ್ತು ಮಾಡಿದರು. ಕೆಳಗಿನ ಅಂಕಣಕ್ಕೆ ಸುತ್ತಲೂ ಒಂದು ಇಳಿಮಾಡು, ಅದರ ಮೇಲೆ ಒಳಸರಿದ ಮಹಡಿ, ಅದಕ್ಕೆ ಮತ್ತೊಂದು ಮಾಡು. ತಳಂಗರೆಯಿಂದ ಕಲ್ಲಿಕೋಟೆಯವರೆಗೆ ಹಳೆಯ ಪಳ್ಳಿಗಳಲ್ಲಿ ಕಾಣುವ ಅಂತಸ್ತು ಮಾಡುಗಳಿಗೆ ಇದು ಕಾರಣ. ಕಲ್ಲಿಕೋಟೆಯ ಕುಟ್ಟಿಚಿರದಲ್ಲಿ 14ನೇ ಶತಮಾನದ ಹಡಗು ವ್ಯಾಪಾರಿ ನಾಖುದಾ ಮಿಸ್ಕಾಲ್ ಕಟ್ಟಿಸಿದ ಪಳ್ಳಿ ನಾಲ್ಕಂತಸ್ತಿನದು. 1510ರಲ್ಲಿ ಪೋರ್ಚುಗೀಸರು ಬೆಂಕಿ ಹಚ್ಚಿ ಹಾಳುಗೆಡವಿದ ಮೇಲೂ ಜನ ಅದನ್ನು ಮರದಲ್ಲೇ ಮತ್ತೆ ಎಬ್ಬಿಸಿದರು.

ನಮ್ಮ ದೇವಸ್ಥಾನ, ಬಸದಿ, ಗುತ್ತಿನ ಮನೆಗಳ ಮಾಡುಗಳನ್ನು ನೋಡಿದವರಿಗೆ ಇದರಲ್ಲಿ ಹೊಸದೇನೂ ಕಾಣದು. 1430ರಲ್ಲಿ ಕಟ್ಟಿದ ಮೂಡುಬಿದಿರೆಯ ಸಾವಿರ ಕಂಬದ ಬಸದಿಗೂ ಅಂತಸ್ತಿನ ಇಳಿಜಾರು ಮಾಡು. ಕರಾವಳಿಯ ಬಡಗಿ ಯಾರ ಪ್ರಾರ್ಥನೆಗೆ ಮಾಡು ಕಟ್ಟಿದರೂ ಮಳೆಯ ಓರೆ ಒಂದೇ, ಮರದ ಗುಣ ಒಂದೇ. ಇದನ್ನು ಸೌಹಾರ್ದದ ಉದಾಹರಣೆಯಾಗಿ ವೇದಿಕೆಗಳಲ್ಲಿ ಹೇಳುವುದುಂಟು. ಅದು ಸರಿ. ಅದಕ್ಕಿಂತ ಮೊದಲು ಇದು ಒಳ್ಳೆಯ ಇಂಜಿನಿಯರಿಂಗಿನ ಉದಾಹರಣೆ.

ಮಾಡಿನೊಳಗಿನ ಬಲಗಳನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಗುಮ್ಮಟವೂ ಇಳಿಜಾರು ಮಾಡೂ ಒಂದು ವಿಷಯದಲ್ಲಿ ನೆಂಟರು: ಎರಡೂ ತಮ್ಮ ಭಾರವನ್ನು ಕೆಳಕ್ಕೆ ಮಾತ್ರವಲ್ಲ, ಹೊರಕ್ಕೂ ದೂಡುತ್ತವೆ. ಅರ್ಧಗೋಳದ ಗುಮ್ಮಟದಲ್ಲಿ ನೆತ್ತಿಯಿಂದ ಸುಮಾರು 52 ಡಿಗ್ರಿಯವರೆಗೆ ಇಟ್ಟಿಗೆಗಳು ಒಂದನ್ನೊಂದು ಒತ್ತಿಕೊಂಡಿರುತ್ತವೆ. ಅದರಿಂದ ಕೆಳಗೆ ಸುತ್ತು ಹಿಗ್ಗಲು ನೋಡುತ್ತದೆ, ಅಂದರೆ ಎಳೆತ ಹುಟ್ಟುತ್ತದೆ. ಇಟ್ಟಿಗೆ-ಗಾರೆ ಒತ್ತಡಕ್ಕೆ ಜಗ್ಗುವುದಿಲ್ಲ, ಎಳೆತಕ್ಕೆ ಬಿರಿಯುತ್ತದೆ. ಇಂದಿನ ಇಸ್ತಾಂಬುಲ್ ಆದ ಕಾನ್‌ಸ್ಟಾಂಟಿನೋಪಲ್‌ನ ಹಾಗಿಯಾ ಸೋಫಿಯಾ ಚರ್ಚು 537ರಲ್ಲಿ ಮುಗಿಯಿತು, ಭೂಕಂಪಗಳಿಂದ ಬಿರುಕು ಬಿಟ್ಟ ಅದರ ಗುಮ್ಮಟ 558ರಲ್ಲಿ ಕುಸಿಯಿತು. ಎರಡನೆಯ ಬಾರಿ ಕಟ್ಟುವಾಗ ಸುಮಾರು ಆರು ಮೀಟರ್ ಎತ್ತರಿಸಿ ಕಡಿದಾಗಿಸಿದರು, ಹೊರದೂಡುವ ಬಲ ಕಡಿಮೆಯಾಯಿತು. ಸಾವಿರ ವರ್ಷದ ನಂತರ ಸಿನಾನ್ ಅದೇ ಕಟ್ಟಡಕ್ಕೆ ಹೊರಗಿನಿಂದ ಆನಿಕೆಗಳನ್ನು ಕಟ್ಟಿ ಭದ್ರಪಡಿಸಿದ. ಅವನ ಮಸೀದಿಗಳಲ್ಲಿ ದೊಡ್ಡ ಗುಮ್ಮಟದ ಸುತ್ತ ಅರೆಗುಮ್ಮಟಗಳು, ಅವುಗಳ ಸುತ್ತ ಸಣ್ಣ ಗುಮ್ಮಟಗಳು ಇಳಿಯುತ್ತಾ ಬರುವುದು ಅಂದಕ್ಕೆ ಮಾತ್ರ ಅಲ್ಲ, ಆ ಬಲವನ್ನು ಹಂತಹಂತವಾಗಿ ನೆಲಕ್ಕೆ ತರುವುದಕ್ಕೆ.

ನಮ್ಮ ಬಡಗಿಯ ಕೈಯಲ್ಲಿದ್ದ ವಸ್ತು ಬೇರೆ. ಮರ ಎಳೆತಕ್ಕೂ ಹೆದರುವುದಿಲ್ಲ. ಕಾಂಡದ ಉದ್ದಕ್ಕೆ ಸಾಗುವ ನಾರುಗಳು ತಮ್ಮ ತೂಕಕ್ಕೆ ಹೋಲಿಸಿದರೆ ಅಚ್ಚರಿ ಹುಟ್ಟಿಸುವಷ್ಟು ಎಳೆತವನ್ನು ತಾಳುತ್ತವೆ. ಮಾಡಿನ ಎರಡು ಬದಿಯ ಪಕ್ಕಾಸುಗಳು ನೆತ್ತಿಯ ತೊಲೆಯಲ್ಲಿ ಒಂದಕ್ಕೊಂದು ಒರಗುತ್ತವೆ, ಬುಡದಲ್ಲಿ ಗೋಡೆಯನ್ನು ಹೊರಕ್ಕೆ ದೂಡುತ್ತವೆ. ಗೋಡೆಯ ನೆತ್ತಿಯ ಮೇಲೆ ಉದ್ದಕ್ಕೂ ಮಲಗಿಸಿದ ತೊಲೆ ಈ ದೂಡುವಿಕೆಯನ್ನು ಮೊದಲು ಎದುರುಗೊಳ್ಳುತ್ತದೆ. ಈಚೆ ಗೋಡೆಯಿಂದ ಆಚೆ ಗೋಡೆಗೆ ಹಾಸಿದ ಅಡ್ಡತೊಲೆಗಳು ಎರಡೂ ಬದಿಯನ್ನು ಹಿಡಿದು ತ್ರಿಕೋನವನ್ನು ಮುಚ್ಚುತ್ತವೆ. ಇದಲ್ಲದೆ ಇನ್ನೊಂದು ಕಟ್ಟು ಉಂಟು, ಕೆಳಗೆ ನಿಂತು ತಲೆಯೆತ್ತಿದರೂ ಸುಲಭಕ್ಕೆ ಕಣ್ಣಿಗೆ ಬೀಳದ್ದು. ಪ್ರತಿ ಪಕ್ಕಾಸಿಗೂ ಒಂದೇ ಮಟ್ಟದಲ್ಲಿ ಸಣ್ಣ ಕಂಡಿ ಕೊರೆದು, ಅವೆಲ್ಲವುಗಳ ಮೂಲಕ ತೆಳ್ಳಗಿನ ಗಟ್ಟಿಮರದ ಪಟ್ಟಿಯೊಂದನ್ನು ಮಾಡಿನ ಸುತ್ತಲೂ ಪೋಣಿಸಿರುತ್ತಾರೆ. ಗಾಡಿಚಕ್ರಕ್ಕೆ ಹೊಡೆದ ಕಬ್ಬಿಣದ ಪಟ್ಟಿ ಮಾಡುವ ಕೆಲಸವನ್ನೇ ಅದು ಮಾಡುತ್ತದೆ. ಒಂದು ಪಕ್ಕಾಸು ಒಬ್ಬಂಟಿಯಾಗಿ ಜಾರುವಂತಿಲ್ಲ, ಭಾರ ಬಿದ್ದರೆ ಎಲ್ಲವೂ ಹಂಚಿಕೊಳ್ಳಬೇಕು. ಕೀಲುಗಳಿಗೆ ಕಬ್ಬಿಣದ ಮೊಳೆಯ ಬದಲು ಮರದ ಆಣಿ ಇರುವುದಕ್ಕೂ ಅರ್ಥವಿದೆ. ಮಳೆಗಾಲದಲ್ಲಿ ಮರ ಉಬ್ಬುತ್ತದೆ, ಬೇಸಗೆಯಲ್ಲಿ ಕುಗ್ಗುತ್ತದೆ. ಮರದ ಆಣಿಯೂ ಅದರ ಜೊತೆಗೇ ಉಬ್ಬಿ ಕುಗ್ಗುತ್ತದೆ. ಕಬ್ಬಿಣದ ಮೊಳೆಗೆ ಆ ಗುಣವಿಲ್ಲ. ಉಪ್ಪು ಗಾಳಿಗೆ ತುಕ್ಕು ಹಿಡಿದು ಸುತ್ತಲಿನ ಮರವನ್ನೂ ಕೆಡಿಸುತ್ತದೆ.

ಮರದ ಆಯ್ಕೆಯಲ್ಲಿ ಘಟ್ಟದ ತಪ್ಪಲಿನವರು ಭಾಗ್ಯವಂತರು. ತೇಗ, ಹೆಬ್ಬಲಸು, ಹಲಸು, ಬೀಟೆ, ಕಿರಾಲುಬೋಗಿ ಎಲ್ಲ ಇದೇ ಸೀಮೆಯವು. ತೇಗದೊಳಗಿನ ಎಣ್ಣೆಯಂಥ ರಾಸಾಯನಿಕಗಳು ಗೆದ್ದಲನ್ನೂ ಶಿಲೀಂಧ್ರವನ್ನೂ ದೂರವಿಡುತ್ತವೆ. ಹಾಗಿದ್ದರೂ ಬಡಗಿ ಕಂಬವನ್ನು ನೆಲದ ಮೇಲೆ ನಿಲ್ಲಿಸುವುದಿಲ್ಲ, ಕೆಳಗೆ ಕಲ್ಲಿನ ಪೀಠ ಕೊಡುತ್ತಾನೆ. ಝೀನತ್ ಬಕ್ಷ್ ಮಸೀದಿಯ ಒಳ ಅಂಕಣದ ಕೆತ್ತನೆಯ ಮರದ ಕಂಬಗಳನ್ನು ನೋಡಲು ದೂರದಿಂದ ಜನ ಬರುತ್ತಾರೆ. ಕೆತ್ತನೆಯಲ್ಲಿ ಮನುಷ್ಯ, ಪ್ರಾಣಿಗಳ ರೂಪ ಬಿಟ್ಟು ಬಳ್ಳಿ, ಹೂ, ಗೆರೆಗಳನ್ನು ಮಾತ್ರ ಆರಿಸಿಕೊಂಡದ್ದು ಧರ್ಮದ ಕಾರಣಕ್ಕೆ. ಉಳಿಯ ಹಿಡಿತ ಮಾತ್ರ ಈ ನಾಡಿನದು.

ಮರದ ಮಸೀದಿ ಎಂದರೆ ಮಲಬಾರಿಗಷ್ಟೇ ಸೀಮಿತ ಎಂದುಕೊಳ್ಳುವುದೂ ಬೇಡ. ಟರ್ಕಿಯ ಬೇಶೆಹಿರ್‌ನಲ್ಲಿ ಒಟ್ಟೋಮನ್ನರಿಗೂ ಮೊದಲು, 13ನೇ ಶತಮಾನದ ಕೊನೆಯಲ್ಲಿ ಕಟ್ಟಿದ ಎಶ್ರೆಫೋಗ್ಲು ಮಸೀದಿಯಿದೆ. ಒಳಗೆಲ್ಲ ಎತ್ತರದ ಮರದ ಕಂಬಗಳು. 2023ರಲ್ಲಿ ಯುನೆಸ್ಕೊ ಅದನ್ನೂ ಅನಾತೋಲಿಯಾದ ಅಂಥದೇ ಇನ್ನು ಕೆಲವು ಮಸೀದಿಗಳನ್ನೂ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಎಶ್ರೆಫೋಗ್ಲು ಮಸೀದಿಯ ನಡುವೆ ಒಂದು ಗುಂಡಿಯಿದೆ. ಚಳಿಗಾಲದಲ್ಲಿ ಮಾಡಿನ ಹಿಮವನ್ನು ಅದರಲ್ಲಿ ತುಂಬುತ್ತಿದ್ದರಂತೆ, ಅದು ನಿಧಾನಕ್ಕೆ ಕರಗಿ ಕೊಡುವ ತೇವದಿಂದ ಕಂಬಗಳು ಒಣಗಿ ಸೀಳದೆ ಉಳಿಯಲಿ ಎಂದು. ಅಲ್ಲಿ ಮರಕ್ಕೆ ತೇವ ಉಣಿಸಬೇಕಾಗಿತ್ತು, ಇಲ್ಲಿ ಮರದಿಂದ ತೇವವನ್ನು ಓಡಿಸಬೇಕು.

ಓಡಿಸುವ ಕೆಲಸ ಗಾಳಿಯದು. ಜೂನ್ ತಿಂಗಳಲ್ಲಿ ನಮ್ಮ ಗಾಳಿಯ ತೇವಾಂಶ ಶೇಕಡ 90ರ ಹತ್ತಿರ ಇರುತ್ತದೆ. ಅಂಥ ಗಾಳಿ ನಿಂತುಬಿಟ್ಟರೆ ಮೈಯ ಬೆವರು ಆರುವುದಿಲ್ಲ, ಗೋಡೆ ಒಣಗುವುದಿಲ್ಲ, ಚಾಪೆಗೆ ಬೂಸರು. ಶುಕ್ರವಾರ ನೂರಾರು ಜನ ಭುಜಕ್ಕೆ ಭುಜ ತಾಗಿಸಿ ನಿಲ್ಲುವ ಜಾಗದಲ್ಲಿ ಇದು ಸಣ್ಣ ವಿಷಯವಲ್ಲ. ಹಳೆಯ ಪಳ್ಳಿಯಲ್ಲಿ ಮಾಡಿನ ತ್ರಿಕೋನ ಮುಖಕ್ಕೆ ಮರದ ಜಾಲರಿ ಇರುತ್ತದೆ. ಜನರ ಮೈಬಿಸಿಗೆ ಹಗುರಾದ ಗಾಳಿ ಮೇಲೇರಿ ಹಂಚಿನ ಕೆಳಗಿನ ಟೊಳ್ಳಿಗೆ ಸೇರಿ ಆ ಜಾಲರಿಯಿಂದ ಹೊರಬೀಳುತ್ತದೆ. ಅದು ಬಿಟ್ಟ ಜಾಗಕ್ಕೆ ಸೂರಿನ ನೆರಳಲ್ಲಿ ತಂಪಾದ ಗಾಳಿ ಕೆಳಗಿನ ಕಿಟಕಿಗಳಿಂದ ಬರುತ್ತದೆ. ಬಿಸಿ ಮಾಡಿಗೂ ಕೂತವರ ತಲೆಗೂ ನಡುವೆ ಮರದ ಮುಚ್ಚಿಗೆ ಅಡ್ಡ ಇರುವುದರಿಂದ ಏಪ್ರಿಲ್ ಮಧ್ಯಾಹ್ನದಲ್ಲೂ ಒಳಗೆ ಕೂರಬಹುದು. ಆ ಮುಚ್ಚಿಗೆ ಇನ್ನೂ ಒಂದು ಉಪಕಾರ ಮಾಡುತ್ತದೆ. ಗುಮ್ಮಟದ ಒಳಮೈ ಸದ್ದನ್ನು ಒಂದೆಡೆಗೆ ಕೂಡಿಸಿ ಮರಳಿಸುತ್ತದೆ, ಪ್ರತಿಧ್ವನಿ ಉದ್ದವಾಗುತ್ತದೆ. ಸಿನಾನ್ ಸುಲೇಮಾನಿಯೆಯ ಗುಮ್ಮಟದಲ್ಲಿ ಬಾಯಿ ತೆರೆದ ಮಣ್ಣಿನ ಗಡಿಗೆಗಳನ್ನು ಹುದುಗಿಸಿ ಸದ್ದನ್ನು ಹದಕ್ಕೆ ತಂದ. ತೊಲೆ, ಬೋದಿಗೆ, ಹಲಗೆಗಳಿಂದ ಏರುತಗ್ಗಾದ ನಮ್ಮ ಮುಚ್ಚಿಗೆ ಸದ್ದನ್ನು ಅಲ್ಲಲ್ಲೇ ಚದುರಿಸುತ್ತದೆ. ಮಿಂಬರಿನ ಮೇಲೆ ನಿಂತವರ ಕುತುಬ ಪ್ರವಚನ ಧ್ವನಿವರ್ಧಕವಿಲ್ಲದ ಕಾಲದಲ್ಲೂ ಹಿಂದಿನ ಸಾಲಿಗೆ ಸ್ಪಷ್ಟವಾಗಿ ಕೇಳುತ್ತಿದ್ದುದಕ್ಕೆ ಇದೂ ಕಾರಣ.

ಇಷ್ಟೆಲ್ಲ ಯಾವ ಕಾಲದಿಂದ? ಮಾಲಿಕ್ ದೀನಾರ್ ಮತ್ತು ಸಂಗಡಿಗರು ಅರಬ್ ದೇಶದಿಂದ ಬಂದು ಹಿಜರಿ 22ರಲ್ಲಿ, ಅಂದರೆ ಕ್ರಿ.ಶ. 643ರ ಸುಮಾರಿಗೆ, ತಳಂಗರೆ ಮತ್ತು ಮಂಗಳೂರಿನ ಪಳ್ಳಿಗಳನ್ನು ಸ್ಥಾಪಿಸಿದರು ಎಂಬುದು ಪರಂಪರೆಯ ನಂಬಿಕೆ. 16ನೇ ಶತಮಾನದ ಕೊನೆಯಲ್ಲಿ ಪೊನ್ನಾನಿಯ ಝೈನುದ್ದೀನ್ ಮಖ್ದೂಂ ಅರಬ್ಬಿಯಲ್ಲಿ ಬರೆದ ‘ತುಹ್ಫತುಲ್ ಮುಜಾಹಿದೀನ್’ ಈ ತಂಡ ಕಟ್ಟಿದ ಪಳ್ಳಿಗಳ ಪಟ್ಟಿಯಲ್ಲಿ ಮಂಗಳೂರು, ಬಾರಕೂರು, ಕಾಸರಗೋಡುಗಳನ್ನು ಹೆಸರಿಸುತ್ತದೆ. ಆದರೆ ಆ ವಿದ್ವಾಂಸರೇ ಕಾಲದ ಬಗ್ಗೆ ಎಚ್ಚರದಿಂದ ಮಾತಾಡಿ, ಇದು ಹಿಜರಿ 200ರ ನಂತರ ನಡೆದಿರಬೇಕು ಎಂಬ ಅಭಿಪ್ರಾಯ ಕೊಟ್ಟಿದ್ದಾರೆ. ನಾಲ್ಕು ಶತಮಾನದ ಹಿಂದೆಯೇ ತನ್ನದೇ ಪರಂಪರೆಯನ್ನು ಹೀಗೆ ಒರೆಗೆ ಹಚ್ಚಿದ ಮನಸ್ಸಿಗೆ ನನ್ನ ಗೌರವ ದೊಡ್ಡದು. 1342ರ ಸುಮಾರಿಗೆ ಈ ದಾರಿಯಲ್ಲಿ ಹೋದ ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತಾ ಮಂಗಳೂರಿನಲ್ಲಿ ಸುಮಾರು ನಾಲ್ಕು ಸಾವಿರ ಮುಸ್ಲಿಮರು ಪೇಟೆಗೆ ತಾಗಿದ ಕೇರಿಯಲ್ಲಿ ವಾಸವಾಗಿದ್ದರೆಂದೂ ಅವರ ಖಾಜಿ ಶಾಫಿ ಪಂಥದವರೆಂದೂ ಬರೆದಿದ್ದಾನೆ. ಇಂದಿಗೂ ಕರಾವಳಿಯ ಬ್ಯಾರಿಗಳು ಶಾಫಿಗಳು, ಘಟ್ಟದ ಮೇಲಿನ ಮುಸ್ಲಿಮರು ಬಹುತೇಕ ಹನಫಿಗಳು. ಒಂದು ಸಮುದ್ರದ ದಾರಿಯಲ್ಲಿ ಯೆಮನ್ ಕಡೆಯಿಂದ ಬಂದದ್ದು, ಇನ್ನೊಂದು ದೆಹಲಿ-ದಖ್ಖನ್ನಿನ ನೆಲದ ದಾರಿಯಲ್ಲಿ. ಪಳ್ಳಿಗಳ ರೂಪದಲ್ಲೂ ಈ ಎರಡು ದಾರಿಗಳ ಗುರುತಿದೆ.

ಆದರೆ ರೂಪವನ್ನು ತೀರ್ಮಾನಿಸಿದ್ದು ಮಳೆಯೇ ಎಂಬುದನ್ನು ಪರೀಕ್ಷಿಸಿ ನೋಡಲು ಇತಿಹಾಸ ನಮಗೊಂದು ಪ್ರಯೋಗವನ್ನೇ ಮಾಡಿಕೊಟ್ಟಿದೆ. ಟಿಪ್ಪು ಸುಲ್ತಾನ್ 1780ರ ದಶಕದಲ್ಲಿ ಶ್ರೀರಂಗಪಟ್ಟಣದಲ್ಲಿ ಮಸ್ಜಿದ್-ಎ-ಆಲಾ ಕಟ್ಟಿಸಿದ. ಎರಡು ಎತ್ತರದ ಮಿನಾರು, ಗಾರೆಯ ಸಮತಟ್ಟು ಮಾಳಿಗೆ. ಮಂಗಳೂರು ಬಂದರಿನ ಹಳೆಯ ಪಳ್ಳಿಯನ್ನು ಜೀರ್ಣೋದ್ಧಾರ ಮಾಡಿಸಿ ತನ್ನ ಮಗಳು ಝೀನತ್ ಬಕ್ಷ್‌ಳ ಹೆಸರಿಟ್ಟದ್ದೂ ಟಿಪ್ಪುವೇ ಎನ್ನುತ್ತಾರೆ. ಅಲ್ಲಿ ಮರದ ಕಂಬ, ಮರದ ಮುಚ್ಚಿಗೆ. ಟಿಪ್ಪುವಿಗೆ ಗುಮ್ಮಟ-ಮಿನಾರುಗಳ ಲೋಕ ಗೊತ್ತಿರಲಿಲ್ಲವೆ? ಅವನ ರಾಯಭಾರಿಗಳ ತಂಡ 1786ರ ಮಾರ್ಚಿನಲ್ಲಿ ಉತ್ತರ ಕನ್ನಡದ ತದಡಿ ಬಂದರಿನಲ್ಲಿ ಹಡಗೇರಿ ಒಟ್ಟೋಮನ್ ಸುಲ್ತಾನನ ಆಸ್ಥಾನಕ್ಕೇ ಹೋಗಿತ್ತು. ಸಿನಾನನ ಗುಮ್ಮಟಗಳ ಊರನ್ನು ಕಂಡು ಬಂದ ಜನ ಅವನ ಆಸ್ಥಾನದಲ್ಲಿದ್ದರು. ದೊರೆ ಒಬ್ಬನೇ, ಧರ್ಮ ಒಂದೇ, ಕಾಲವೂ ಒಂದೇ. ಬೇರೆಯಾದದ್ದು ಶ್ರೀರಂಗಪಟ್ಟಣದ 800 ಮಿಲಿಮೀಟರಿಗೂ ಕಡಿಮೆ ಮಳೆ ಮತ್ತು ಮಂಗಳೂರಿನ ಅದರ ನಾಲ್ಕೈದು ಪಟ್ಟು ಮಳೆ.

ಮಾಡಿನ ಮೇಲಿನ ಹೊದಿಕೆ ಮಾತ್ರ ಕಾಲಕ್ಕೆ ತಕ್ಕಂತೆ ಬದಲಾಯಿತು. ಹಳ್ಳಿಗಳಲ್ಲಿ ಮುಳಿಹುಲ್ಲು, ಆಮೇಲೆ ಕೈಹಂಚು, 1865ರಲ್ಲಿ ಬಾಸೆಲ್ ಮಿಷನ್ನಿನ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಮಂಗಳೂರು ಹಂಚು. ಒಂದರ ತೋಡಿನಲ್ಲಿ ಇನ್ನೊಂದರ ಅಂಚು ಕೂರುವ ಈ ಹಂಚು ಚರ್ಚು, ದೇವಸ್ಥಾನ, ಪಳ್ಳಿ, ಶಾಲೆ, ಮನೆ ಎಲ್ಲದರ ಮೇಲೂ ಏರಿತು. ತಳಂಗರೆಯ ಪಳ್ಳಿ 1809ರಲ್ಲಿ ದುರಸ್ತಿಯಾದಾಗ ಈ ಹಂಚು ಇನ್ನೂ ಹುಟ್ಟಿರಲಿಲ್ಲ. ಮರದ ಪಳ್ಳಿ ಹೀಗೆ ತುಂಡುತುಂಡಾಗಿ ಹೊಸದಾಗುತ್ತ ಬಾಳುತ್ತದೆ. ಹಾಳಾದ ಪಕ್ಕಾಸನ್ನು ತೆಗೆದು ಹೊಸದನ್ನು ಕೂರಿಸಿದರೆ ಆಯಿತು, ಇಡೀ ಮಾಡು ಇಳಿಸಬೇಕಿಲ್ಲ.

ಕಟ್ಟಡ ಯಾವ ಕಡೆಗೆ ಮುಖ ಮಾಡಬೇಕು ಎಂಬುದರಲ್ಲಿ ಮಾತ್ರ ಮಳೆಯ ಮಾತು ನಡೆಯುವುದಿಲ್ಲ. ಅಲ್ಲಿ ಖಗೋಳದ ಲೆಕ್ಕ. ಮಕ್ಕಾ ನಮಗೆ ಪಶ್ಚಿಮ ಎಂದು ಹೇಳುವುದು ರೂಢಿ. ಗೋಳದ ಮೇಲಿನ ಅತಿ ಹತ್ತಿರದ ದಾರಿಯನ್ನು ಲೆಕ್ಕ ಹಾಕಿದರೆ ಪುತ್ತೂರಿನಿಂದ ಕಿಬ್ಲಾ ನೇರ ಪಶ್ಚಿಮಕ್ಕಿಂತ ಸುಮಾರು 19 ಡಿಗ್ರಿ ಉತ್ತರಕ್ಕೆ ಬರುತ್ತದೆ. ದೂರ 3,900 ಕಿಲೋಮೀಟರಿನ ಹತ್ತಿರ. ಇಸ್ತಾಂಬುಲಿನವರು ಆಗ್ನೇಯಕ್ಕೆ ತಿರುಗಿ ನಿಲ್ಲುತ್ತಾರೆ. ನಮ್ಮ ಕಿಬ್ಲಾದ ದಿಕ್ಕನ್ನು ಯಾವ ಉಪಕರಣವೂ ಇಲ್ಲದೆ ಪರೀಕ್ಷಿಸಬಹುದು. ವರ್ಷದಲ್ಲಿ ಎರಡು ಸಲ ಸೂರ್ಯ ಕಅಬಾದ ನೆತ್ತಿಯ ಮೇಲೆಯೇ ಬರುತ್ತಾನೆ: ಮೇ 28ರ ಸುಮಾರಿಗೆ ನಮ್ಮ ಗಡಿಯಾರದಲ್ಲಿ ಮಧ್ಯಾಹ್ನ 2 ಗಂಟೆ 48 ನಿಮಿಷಕ್ಕೆ, ಜುಲೈ 16ರ ಸುಮಾರಿಗೆ 2 ಗಂಟೆ 57 ನಿಮಿಷಕ್ಕೆ. ಆ ಕ್ಷಣ ಅಂಗಳದಲ್ಲಿ ಒಂದು ಕೋಲನ್ನು ನೆಟ್ಟಗೆ ನಿಲ್ಲಿಸಿದರೆ ನೆರಳಿನ ತುದಿಯಿಂದ ಕೋಲಿನ ಬುಡದತ್ತ ಎಳೆದ ಗೆರೆ ನೇರ ಮಕ್ಕಾದ ಕಡೆಗೆ ಹೋಗುತ್ತದೆ. ಜುಲೈಯಲ್ಲಿ ನಮ್ಮಲ್ಲಿ ಬಿಸಿಲು ಸಿಗುವುದು ಅದೃಷ್ಟ. ಮೇ ಕೊನೆಯಲ್ಲಿ ಮಳೆ ಹಿಡಿಯುವ ಮುಂಚೆ ಸಿಗಬಹುದು. ಹೊತ್ತಿನ ಲೆಕ್ಕವೂ ನೆರಳಿನದೇ. ಶಾಫಿಗಳಿಗೆ ಅಸರ್ ನಮಾಜಿನ ಹೊತ್ತು ಶುರುವಾಗುವುದು ಕೋಲಿನ ನೆರಳು ನಡುಹಗಲಿನ ನೆರಳಿಗಿಂತ ಕೋಲಿನಷ್ಟೇ ಉದ್ದ ಹೆಚ್ಚಿದಾಗ. ಏಪ್ರಿಲ್ 24ರ ಆಸುಪಾಸು ನಡುಹಗಲಿಗೆ ನಮ್ಮಲ್ಲಿ ನೆರಳೇ ಇರುವುದಿಲ್ಲ. ಆ ದಿನ ಸೂರ್ಯ ಪಡುವಣದಲ್ಲಿ 45 ಡಿಗ್ರಿಗೆ ಇಳಿದಾಗ ಅಸರ್. ಅಂಗಳದ ಒಂದು ಕೋಲಿನಲ್ಲಿ ಇಷ್ಟು ತ್ರಿಕೋನಮಿತಿ ಇದೆ ಎಂಬುದನ್ನು ನಮ್ಮ ಮದ್ರಸಗಳಲ್ಲೂ ಶಾಲೆಗಳಲ್ಲೂ ಮಕ್ಕಳಿಗೆ ಮಾಡಿ ತೋರಿಸಿದರೆ ಎಷ್ಟು ಚೆನ್ನ.

ಈಗ ಪುತ್ತೂರಿನಿಂದ ಸುಳ್ಯಕ್ಕೆ, ಅಲ್ಲಿಂದ ಕಡಬಕ್ಕೆ ಹೋಗುವ ರಸ್ತೆಗಳಲ್ಲಿ ಕಾಣುವ ಪಳ್ಳಿಗಳು ಹೆಚ್ಚಾಗಿ ಕಾಂಕ್ರೀಟಿನವು. ಜನ ಹೆಚ್ಚಾದರು, ಜಾಗ ಸಾಲದೆ ಹೋಯಿತು, ದೊಡ್ಡ ಮರ ಸಿಗುವುದೂ ಕಷ್ಟವಾಯಿತು. ದೊಡ್ಡದಾಗಿ ಕಟ್ಟಬೇಕಾದ ಅಗತ್ಯವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಕಾಂಕ್ರೀಟಿಗೂ ನಮ್ಮ ಮಳೆ ಬಿಟ್ಟದ್ದಲ್ಲ. ತೇವವೂ ಗಾಳಿಯ ಇಂಗಾಲಾಮ್ಲವೂ ಸಿಮೆಂಟಿನೊಳಗೆ ಇಳಿದರೆ ಕಬ್ಬಿಣದ ಸರಳಿಗೆ ಇದ್ದ ಕ್ಷಾರದ ರಕ್ಷಣೆ ಹೋಗುತ್ತದೆ, ತುಕ್ಕು ಶುರುವಾಗುತ್ತದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ಬೇಡುತ್ತದೆ, ಒಳಗಿನಿಂದಲೇ ಕಾಂಕ್ರೀಟನ್ನು ಸೀಳುತ್ತದೆ. ಟೆರೇಸ್ ಸೋರಲು ಶುರುವಾದ ಮೇಲೆ ಏನು ಮಾಡುತ್ತಾರೆ? ಅದರ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ಶೀಟಿನ ಇಳಿಜಾರು ಮಾಡು ಹಾಕುತ್ತಾರೆ. ಮನೆ, ಅಂಗಡಿ, ಸಭಾಭವನ, ಪಳ್ಳಿ ಯಾವುದೂ ಇದಕ್ಕೆ ಹೊರತಲ್ಲ. ನಮ್ಮ ಹಿರಿಯರು ಕೈಬಿಡದ ಮಾಡನ್ನು ನಾವು ಎರಡನೆಯ ಖರ್ಚಿನಲ್ಲಿ ತರುತ್ತಿದ್ದೇವೆ. ಮೊದಲೇ ಇಳಿಜಾರು ಮಾಡು, ಅಗಲ ಸೂರು, ಗಾಳಿ ಹೋಗುವ ದಾರಿ ಇಟ್ಟು ದೊಡ್ಡ ಪಳ್ಳಿ ಕಟ್ಟುವುದು ಇಂದಿನ ಉಕ್ಕಿನ ಚೌಕಟ್ಟಿನಲ್ಲಿ ಹಿಂದಿಗಿಂತ ಸುಲಭ. ಅಂಥದ್ದನ್ನು ಯಾವ ಶಾಸ್ತ್ರವೂ ಬೇಡ ಎಂದಿಲ್ಲ.

ಹಳೆಯ ಪಳ್ಳಿಯನ್ನು ದುರಸ್ತಿ ಮಾಡುವ ಜಮಾತಿನವರು ಕೆಂಪುಕಲ್ಲಿನ ಗೋಡೆಗೆ ಸಿಮೆಂಟು ಗಾರೆ ಬಳಿಸಬಾರದು. ನಮ್ಮ ಹಳಬರು ಅಳಿವೆಯ ಚಿಪ್ಪು ಸುಟ್ಟು ಮಾಡುತ್ತಿದ್ದ ಸುಣ್ಣದ ಗಾರೆ ಒಳಗಿನ ತೇವವನ್ನು ಹೊರಬಿಡುತ್ತದೆ, ಸಿಮೆಂಟು ಅದನ್ನು ಒಳಗೇ ಕೂಡಿಹಾಕಿ ಕಲ್ಲನ್ನು ಕೊಳೆಸುತ್ತದೆ. ಮಾಡು ಇಳಿಸಲೇಬೇಕಾಗಿ ಬಂದರೆ ಹಳೆಯ ತೊಲೆ, ಪಕ್ಕಾಸುಗಳನ್ನು ಗುಜರಿಗೆ ಕೊಡುವ ಮೊದಲು ಒಂದು ಮಾತು. ತೇಗ ವರ್ಷಕ್ಕೊಂದು ಉಂಗುರ ಬೆಳೆಯುವ ಮರ. ಒಳ್ಳೆಯ ಮಳೆಯ ವರ್ಷದ ಉಂಗುರ ಅಗಲ, ಬರಗಾಲದ್ದು ಕಿರಿದು. ಪುಣೆಯ ಭಾರತೀಯ ಉಷ್ಣವಲಯ ಪವನಶಾಸ್ತ್ರ ಸಂಸ್ಥೆಯ ವಿಜ್ಞಾನಿಗಳು ಕೇರಳದ ತೇಗದ ಉಂಗುರಗಳನ್ನು ಅಳೆದು ಮಳೆಮಾಪಕಗಳು ಹುಟ್ಟುವ ಎಷ್ಟೋ ಮುಂಚಿನ ಮುಂಗಾರುಗಳ ಏರಿಳಿತವನ್ನು ಓದಿದ್ದಾರೆ. ನಿಮ್ಮ ಪಳ್ಳಿಯ, ದೇವಸ್ಥಾನದ, ಮನೆಯ ಹಳೆಯ ತೇಗದ ತೊಲೆಯಲ್ಲೂ ಅಂಥ ದಾಖಲೆ ಇರಬಹುದು. ಪುತ್ತೂರಿನಲ್ಲೂ ಸುಳ್ಯದಲ್ಲೂ ಇಂಜಿನಿಯರಿಂಗ್ ಕಾಲೇಜುಗಳಿವೆ, ಸಿವಿಲ್ ವಿದ್ಯಾರ್ಥಿಗಳಿದ್ದಾರೆ. ಮಾಡು ಬಿಚ್ಚುವ ಮೊದಲು ಅವರನ್ನು ಕರೆಸಿ ಅಳತೆ ತೆಗೆಸಿ, ಪ್ರತಿ ಕೀಲಿನ ನಕ್ಷೆ ಬರೆಸಿ. ಊರಿನ ಹಿರಿಯ ಆಚಾರಿಯೊಬ್ಬರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಪ್ರತಿ ಭಾಗದ ಹೆಸರು ಕೇಳಿ ಬರೆದಿಡಿ. ಪ್ರತಿ ತೊಲೆಯಿಂದ ಒಂದು ಅಡ್ಡತುಂಡನ್ನಾದರೂ ಕೊಯ್ದು, ಯಾವ ಊರು, ಯಾವ ಕಟ್ಟಡ, ಎಲ್ಲಿದ್ದ ತೊಲೆ ಎಂದು ಚೀಟಿ ಅಂಟಿಸಿ ಒಣ ಜಾಗದಲ್ಲಿ ಜೋಪಾನವಾಗಿಡಿ.